ಮರಿಮಲ್ಲಪ್ಪನ ಬಿ.ಪಿ. ಮೀಟರು

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ, ಹೊಂಗೆ ಮರದ ಕೆಳಗಿರುವ ಮರಿಮಲ್ಲಪ್ಪನ ಗ್ಯಾರೇಜಿಗೆ ಬೋರ್ಡಿಲ್ಲ. ಒಂದು ತಗಡಿನ ಮಾಡು, ಒಂದು ಕಲ್ಲುಬೆಂಚು, ಬೀಡಿ ಹಚ್ಚಿದವರನ್ನು ರಸ್ತೆಯಾಚೆಗೆ ಅಟ್ಟುವ ಅವನ ಗಂಟಲು, ಇಷ್ಟೇ. ಹರವೆ ಕಡೆಯವನು. ಅವನ ತಾಯಿ ಒಬ್ಬ ಡಾಕ್ಟರ ಶಾಪಿನಲ್ಲಿ ಕಸ ಗುಡಿಸುತ್ತಿದ್ದಳು. ಡಾಕ್ಟರು ತೀರಿಕೊಂಡಾಗ ಅವಳ ಪಾಲಿಗೆ ಬಂದದ್ದು ಹಳೆಯ ಬಿ.ಪಿ. ಮೀಟರು. ತೋಳಿಗೆ ಸುತ್ತುವ ಪಟ್ಟಿ ಹರಿದಿತ್ತು. ಒತ್ತುವ ರಬ್ಬರ್ ಉಂಡೆಯೂ ಮುಳ್ಳೂ ಮಾತ್ರ ಸರಿಯಾಗಿದ್ದವು. ಮಗ ಅದನ್ನು ಗಾಡಿಗಳಿಗೆ ಇಟ್ಟುಕೊಂಡ. "ಈ ಮುಳ್ಳು ಯಾರ ಪಾರ್ಟೀನೂ ಅಲ್ಲ" ಅನ್ನುತ್ತಿದ್ದ. ಬೇರೆ ಯಾರ ಮಾತನ್ನೂ ಅವನು ನಂಬುತ್ತಿರಲಿಲ್ಲ.

ತೊಂಬತ್ತೆಂಟರ ಕಾರ್ತಿಕದಲ್ಲಿ ಆ ಮರದಡಿ ಚಾಮರಾಜನಗರದ ಬಿಳಿ ಕಾರೊಂದು ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಎಂಟು ತಿಂಗಳ ಮಗಳನ್ನು ಮಡಿಲಲ್ಲಿಟ್ಟುಕೊಂಡಿದ್ದ ಭಾನು ಎಲ್ಲರಿಗಿಂತ ಕೊನೆಗೆ ಇಳಿದಳು. ತವರಿಗೆ ಹೋಗುತ್ತೇನೆ ಅಂತ ನೆಪ ಹೇಳಿ ಹತ್ತಿದ್ದಳು. ಅವಳಿಗೆ ಬೇಕಿದ್ದದ್ದು ಬೇರೆ. ಗಾಡಿ ಓಡಿಸುತ್ತಿದ್ದ ಗಂಡ ಶಿವಮಲ್ಲು ಕಳ್ಳನೋ ಅಲ್ಲವೋ, ಕಣ್ಣಾರೆ ನೋಡಬೇಕಿತ್ತು.

ಕಾರು ರೇಷ್ಮೆಗೂಡಿನ ವ್ಯಾಪಾರಿ ರಂಗರಾಜು ಅವರದು, ಆರು ತಿಂಗಳ ಹೊಸದು. ಒಂದು ತಿಂಗಳಿಂದ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಗಪ್ಪನೆ ಪೆಟ್ರೋಲ್ ನಾತ. ನೆಲದ ಮೇಲೆ ಒಂದು ತೊಟ್ಟೂ ಇಲ್ಲ. ಹಾಗಾದರೆ ಯಾರೋ ಟ್ಯೂಬ್ ಹಾಕಿ ಎಳೆಯುತ್ತಿದ್ದಾರೆ; ಶೆಡ್ಡಿನ ಬೀಗದಕೈ ಇರುವುದು ಶಿವಮಲ್ಲು ಹತ್ತಿರ. "ಗಾಡಿ ಸರಿಯಾಗೇ ಅದೆ ಅಂತ ಮೆಕ್ಯಾನಿಕ್ ಅಂದ್ರೆ, ಕೀ ಅಲ್ಲೇ ಕೊಟ್ಟು ಬಸ್ಸತ್ತು" ಎಂದು ಅವನಿಗೆ ಹೇಳಿದ್ದರು, ಮುಂದಿನ ಸೀಟಿನಲ್ಲಿ ಕೂತು ಬಂದಿದ್ದ ರಂಗರಾಜು.

ಭಾನುವೂ ಗಂಡನ ಅಂಗಿಯನ್ನು ಒಗೆಯುವ ಮುಂಚೆ ಮೂಸತೊಡಗಿದ್ದಳು. ಹೋದ ಸೋಮವಾರ ಅವನ ಚೀಲದಲ್ಲಿ ಮೊಳದುದ್ದದ ರಬ್ಬರ್ ಟ್ಯೂಬು ಸಿಕ್ಕಿತು. ಕೇಳಲಿಲ್ಲ. ಕೇಳಿ, ಅವನು ಹೂಂ ಅಂದುಬಿಟ್ಟರೆ? ಆ ಟ್ಯೂಬನ್ನು ತಾನೇನು ಮಾಡಿದೆ ಅನ್ನುವುದನ್ನೂ ಬಾಯಿಬಿಡಲಿಲ್ಲ.

"ಏನ್ಲಾ ಶಿವಮಲ್ಲು, ಇನ್ನೂ ಸಿಕ್ನಿಲ್ವಾ?" ಎಂದ ಮರಿಮಲ್ಲಪ್ಪ.

"ಓಹೋ, ಪರಿಚಯಾನೂ ಅದಾ!" ರಂಗರಾಜು ಇಬ್ಬರ ಮುಖವನ್ನೂ ಅಳೆದರು.

ಮರಿಮಲ್ಲಪ್ಪ ಬಾನೆಟ್ ಎತ್ತಿ, ಒಂದು ಕರಿ ಡಬ್ಬಿಯನ್ನು ತೋರಿಸಿದ. "ನೋಡಿ ಸಾವ್ಕಾರ್ರೇ, ಹೊಸ ಗಾಡೀಲಿ ಟ್ಯಾಂಕಿನ ಆವೀನ ಆಚೆಗೆ ಬುಡಾಕಿಲ್ಲ. ಪೈಪಲ್ಲಿ ಈ ಡಬ್ಬಿಗೆ ಬತ್ತದೆ. ಒಳಗೆ ಇದ್ದಿಲು ಅದೆ, ಅದು ಹೀರ್ಕಂಡಿರ್ತದೆ. ಇಂಜಿನ್ ಓಡುವಾಗ ಎಳ್ಕಂಡು ಸುಟ್ಕತ್ತದೆ. ದಾರೀಲೆಲ್ಲಾರ ತೂತಾಗಿದ್ರೆ ತೊಟ್ಟು ಬೀಳಾಕಿಲ್ಲ, ನಾತ ಮಾತ್ರ."

"ತೂತಿಲ್ದಿದ್ರೆ?"

"ಆಗ ನಿಮ್ಮ ಡ್ರೈವರ್ನ ಕೇಳಿ."

ಇಂಜಿನ್ ತಣ್ಣಗಾದ ಮೇಲೆ ಡಬ್ಬಿಯಿಂದ ಪೈಪು ಕಿತ್ತು, ಅದರ ಬಾಯಿಗೆ ಬಿ.ಪಿ. ಮೀಟರು ಸಿಕ್ಕಿಸಿ, ಉಂಡೆ ಒತ್ತತೊಡಗಿದ. ಟ್ಯಾಂಕಿನವರೆಗೆ ಗಾಳಿ ತುಂಬಬೇಕು. ಒತ್ತಿ ಒತ್ತಿ ಕೈ ಸೋತಿತು. ಮುಳ್ಳು ಇಪ್ಪತ್ತಕ್ಕೆ ಬಂದಾಗ ನಿಲ್ಲಿಸಿದ. "ಇನ್ನೂ ಒತ್ತುದ್ರೆ ಇಲ್ದಿರೋ ತೂತ ನಾವೇ ಮಾಡ್ದಂಗಾಯ್ತದೆ. ಈಗ ಮುಳ್ಳು ಇಳುದ್ರೆ ತೂತು ಅದೆ, ನಿಂತ್ರೆ ಇಲ್ಲ."

ಮುಳ್ಳು ನಿಂತಿತು. ಭಾನು ಮಗುವನ್ನು ಎಷ್ಟು ಬಿಗಿಯಾಗಿ ಅವುಚಿಕೊಂಡಳೆಂದರೆ ಅದು ಕುಂಯ್ ಅಂದಿತು. ಆಮೇಲೆ ಮುಳ್ಳು ನಡುಗಿತು. ಹದಿನೆಂಟು. ಹದಿನೈದು. ಹತ್ತು.

"ನಿನ್ನ ಮೀಟರೇ ತೂತಿರಬೇಕು" ಅಂದರು ರಂಗರಾಜು.

ಮರಿಮಲ್ಲಪ್ಪ ಮೀಟರಿನ ಟ್ಯೂಬು ಕಿತ್ತು, ಅದರ ಬಾಯಿಗೆ ಬೋಲ್ಟ್ ಜಡಿದು, ಉಂಡೆ ಒತ್ತಿ ಅವರ ಕೈಗೇ ಕೊಟ್ಟ. ಅವರು ನೋಡಿದಷ್ಟು ಹೊತ್ತೂ ಮುಳ್ಳು ಅಲ್ಲಾಡಲಿಲ್ಲ.

ಮತ್ತೆ ಪೈಪಿಗೆ ಗಾಳಿ ತುಂಬಿ, ಅಂಟುವಾಳಕಾಯಿ ನೊರೆಯನ್ನು ಬ್ರಷ್ಷಿನಿಂದ ಬಳಿಯುತ್ತಾ ಬಂದ. ಟ್ಯಾಂಕಿನ ಮುಚ್ಚಳದಲ್ಲಿ ಏನಿಲ್ಲ. ಗಾಡಿಯಡಿ ಮಲಗಿ ಬಳಿದ, ಏನಿಲ್ಲ. ಬಾನೆಟ್ಟಿನೊಳಗೆ, ಡಬ್ಬಿಗೆ ಗೇಣುದೂರದಲ್ಲಿ ಪೈಪಿಗೆ ಹಳದಿ ಬಟ್ಟೆಯ ಪುಟ್ಟ ಗಂಟೊಂದು ತಾಮ್ರದ ತಂತಿಯಲ್ಲಿ ಬಿಗಿದಿತ್ತು. ಅದರ ಬುಡದಲ್ಲಿ ನೊರೆ ಗುಳ್ಳೆಯಾಗಿ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. ತಂತಿ ರಬ್ಬರನ್ನು ಕಚ್ಚಿ ಸೀಳಿತ್ತು.

"ಇದನ್ನ ಯಾರು ಕಟ್ಟಿದ್ದು?" ಎಂದರು ರಂಗರಾಜು.

"ನಾನೇ ಸಾವ್ಕಾರ್ರೇ" ಅಂದ ಶಿವಮಲ್ಲು, ಹೆಂಡತಿಯ ಕಡೆ ತಿರುಗದೆ.

ಭಾನುಗೆ ಆಯುಧಪೂಜೆಯ ದಿನ ಕಣ್ಣಮುಂದೆ ಬಂತು. "ಇಲ್ಲ ಕಣ್ರಣ್ಣ, ನಾನು. ಮಾದಪ್ಪನ ಬೆಟ್ಟದ ವಿಭೂತಿ. ಬಂಡೀಪುರದ ದಾರೀಲಿ ಆನೆ ಅಡ್ಡ ಬರ್ದಿರ್ಲಿ ಅಂತ ಕಟ್ದೆ. ಬಿದ್ದೋಗ್ಬಾರ್ದು ಅಂತ ಇಕ್ಕಳದಲ್ಲಿ ಮೂರು ಸುತ್ತು ಬಿಗಿದ್ಬುಟ್ಟೆ."

ರಂಗರಾಜು ಬಯ್ಯಲು ಬಾಯಿ ತೆರೆದವರು ಗಂಟಿನ ಮುಂದೆ ಮುಚ್ಚಿದರು. ಬಿಚ್ಚಿದ ಗಂಟನ್ನು ಕಣ್ಣಿಗೊತ್ತಿ ಜೇಬಿಗಿಟ್ಟುಕೊಂಡರು. ಹೊಸ ಪೈಪು ಹಾಕಿದ ಮೇಲೆ ಮುಳ್ಳು ಇಪ್ಪತ್ತರಲ್ಲಿ ಕೂತಿತು; ಅವರು ಕೈಗಡಿಯಾರ ಹಿಡಿದು ಐದು ನಿಮಿಷ ಕಾದರು. "ಹೊತ್ತಾಯ್ತು, ಗಾಡಿ ತಿರುಗಿಸು" ಎಂದು ಕೀಯನ್ನು ಶಿವಮಲ್ಲುವಿನತ್ತ ಚಾಚಿ, ಕೈ ತೊಳೆಯಲು ನಲ್ಲಿಯತ್ತ ಹೋದರು. ತಪ್ಪಾಯ್ತು ಅನ್ನಲಿಲ್ಲ.

"ನನ್ನ ಟ್ಯೂಬು ತತ್ತಾರ್ಲಾ" ಎಂದ ಮರಿಮಲ್ಲಪ್ಪ ಶಿವಮಲ್ಲುಗೆ. ಆಮೇಲೆ ಭಾನು ಕಡೆ ತಿರುಗಿದ. "ಒಂದು ಕೊನೆ ಕಿವೀಗಿಟ್ಕಂಡು, ಇನ್ನೊಂದ ಪೈಪುಗುಂಟ ಆಡಿಸಿ ಎಲ್ಲಿ ಬುಸ್ ಅಂತದೆ ನೋಡು ಅಂತ ಕೊಟ್ಟಿದ್ದೆ ಕಣವ್ವ. ಪಾಪ, ಇಂಜಿನ್ ಸದ್ದಲ್ಲಿ ಇವ್ನಿಗೆ ಏನ್ ಕೇಳ್ತದೆ?"

"ಚೀಲದಲ್ಲೇ ಇತ್ತು, ಕಾಣ್ತಾ ಇಲ್ಲ" ಅಂದ ಶಿವಮಲ್ಲು.

ಭಾನು ಮಗುವಿನ ಟೋಪಿ ಸರಿಮಾಡಿದಳು. ಸರಿಯಾಗಿದ್ದದ್ದನ್ನೇ ಇನ್ನೊಮ್ಮೆ ಸರಿಮಾಡಿದಳು. "ನೀರೊಲೆಗೆ ಹಾಕ್ಬುಟ್ಟೆ, ರೀ. ಯಾರಾದ್ರೂ ಕಂಡಾರು ಅಂತ."

ಶಿವಮಲ್ಲು ಹುಡುಕುತ್ತಿದ್ದ ಚೀಲವನ್ನು ಕೆಳಗಿಟ್ಟ.

"ಅದ್ಕೇಯಾ," ಅಂದ, "ಸೋಮವಾರ ಸ್ನಾನದ ಮನೇಲಿ ಆಪಾಟಿ ರಬ್ಬರ್ ನಾತ."

ಆಮೇಲೆ ಹಿಂದಿನ ಬಾಗಿಲು ತೆರೆದು, ಅವಳು ಹತ್ತಿಕೊಳ್ಳುವವರೆಗೆ ಮಗಳನ್ನು ಎತ್ತಿಕೊಂಡು ನಿಂತ.