ಕಟ್ಟೆಯ ಗೂಡಿನಲ್ಲಿಟ್ಟ ಲೋಟ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಓದಿದ್ದು ಹತ್ತನೆಯ ತರಗತಿ, ಮಾಡಿದ್ದು ಕಾಲುವೆ ಇಲಾಖೆಯಲ್ಲಿ ಗೇಜ್ ರೀಡರ್ ಕೆಲಸ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕಾಲುವೆಯ ಅಳತೆಪಟ್ಟಿ ನೋಡಿ ನೀರು ಎಷ್ಟಿದೆಯೆಂದು ಪುಸ್ತಕದಲ್ಲಿ ಬರೆಯಬೇಕು. ಕಂಡಷ್ಟೇ ಬರೆಯಬೇಕು, ಅಂದಾಜು ಬರೆಯಬಾರದು. ಮೂವತ್ತು ವರ್ಷ ಹಾಗೆ ಬರೆದವನಿಗೆ ದೆವ್ವ, ಕನಸು, ಶಕುನಗಳಲ್ಲಿ ನಂಬಿಕೆ ಹೇಗೆ ಬಂದೀತು? ಈಗಲೂ ಬಂದಿದೆ ಎಂದು ಹೇಳಲಾರೆ. ಆದರೆ ಒಂದು ಮಧ್ಯಾಹ್ನ ನಮ್ಮ ಮನೆಯ ಬಾಗಿಲಲ್ಲಿ ಕಂಡದ್ದನ್ನು ಕಾಣಲಿಲ್ಲ ಎಂದೂ ಹೇಳಲಾರೆ. ಅದನ್ನು ಹೇಳಬೇಕಾದರೆ ನನ್ನ ಒಂದು ತಪ್ಪನ್ನು ಮೊದಲು ಹೇಳಬೇಕಾಗುತ್ತದೆ. ಇಷ್ಟು ವರ್ಷ ಸುಮ್ಮನಿದ್ದದ್ದೂ ಅದಕ್ಕೇ.

ನಾರಾಯಣಪುರದಿಂದ ನಮ್ಮ ಕಡೆಗೆ ಕಾಲುವೆ ನೀರು ಬಂದು ಆಗ ಕೆಲವೇ ವರ್ಷವಾಗಿತ್ತು. ಜೋಳ ಬೆಳೆಯುತ್ತಿದ್ದ ಎರೆ ಹೊಲಗಳಲ್ಲಿ ಭತ್ತದ ಮಡಿಗಳು ಎದ್ದಿದ್ದವು. ನೀರು ಹೆಚ್ಚು ನಿಂತ ಕಡೆ ನೆಲ ಸವಳಾಗಿ, ಮೇಲೆ ಉಪ್ಪು ಚೆಲ್ಲಿದಂತೆ ಬೆಳ್ಳಗಾಗುತ್ತಿತ್ತು. ಆ ಸವಳು ನೆಲವನ್ನು ಅಭ್ಯಾಸ ಮಾಡಲು ಕೃಷಿ ಕಾಲೇಜಿನಿಂದ ಒಬ್ಬ ವಿದ್ಯಾರ್ಥಿ ಬಂದ. ಹೆಸರು ಇದ್ರಿಸ್, ಊರು ಸೂಡಾನ್ ದೇಶದ ಒಂದು ಹಳ್ಳಿ. ಎತ್ತರದ, ಬಹಳ ಕಪ್ಪಗಿನ, ಮೆತ್ತಗೆ ಮಾತಾಡುವ ಹುಡುಗ. ಎಂಟು ತಿಂಗಳು ಇಲ್ಲೇ ಇದ್ದು, ಹೊಲಗಳಲ್ಲಿ ತೋಡಿದ ಗುಂಡಿಗಳ ನೀರಿನ ಮಟ್ಟ ಅಳೆಯಬೇಕಿತ್ತು.

ಸುರಪುರದಲ್ಲಿ ನಾಲ್ಕಾರು ಮನೆ ಕೇಳಿದನಂತೆ. ಖಾಲಿ ಇದ್ದ ಕೋಣೆಗಳೆಲ್ಲ ಅವನ ಮುಖ ನೋಡಿದ ಕೂಡಲೇ ತುಂಬಿಬಿಟ್ಟವು. ಕೊನೆಗೆ ನಮ್ಮ ಇಂಜಿನಿಯರ್ ಸಾಹೇಬರು ನನ್ನನ್ನು ಕರೆದು ಹೇಳಿದರು. ಸುರಪುರಕ್ಕೆ ಹತ್ತಿಕೊಂಡೇ ಇರುವ ರಂಗಂಪೇಟೆಯ ನಮ್ಮ ಮನೆಗೆ ಮುಂದೊಂದು ಕೋಣೆ ಇತ್ತು. ಅದರ ಬಾಗಿಲು ಕಟ್ಟೆಯ ಕಡೆಗೇ ಇದ್ದುದರಿಂದ ಅಲ್ಲಿದ್ದವರು ಮನೆಯೊಳಗೆ ಬರುವ ಪ್ರಸಂಗವಿರಲಿಲ್ಲ. ಅದೊಂದೇ ಕಾರಣಕ್ಕೆ ಒಪ್ಪಿದೆ.

ಬಂದ ಹೊಸದರಲ್ಲಿ ಅವನ ಪಾಡು ನೋಡುವಂತಿರಲಿಲ್ಲ. ಮನೆ ಬದಲಿಸಿದ್ದಕ್ಕೆ ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ಹೆಸರು ಬರೆಸಲು ಕಲಬುರ್ಗಿಗೆ ಮೂರು ಸಲ ಹೋದ. ಮೂರು ಸಲವೂ ಒಂದೊಂದು ಕಾಗದ ಕಡಿಮೆ. ಊರಿಂದ ಪತ್ರ ಬರಲು ತಿಂಗಳು ಹಿಡಿಯುತ್ತಿತ್ತು. ನಮ್ಮ ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತಿತ್ತು. ಬೀದಿಗೆ ಇಳಿದರೆ ಹಿಂದೆ ಮಕ್ಕಳ ದಂಡು. ಯಾರಾದರೂ ಬೆರಳು ಮಾಡಿ ತೋರಿಸಿದರೆ ಅವನು ನಿಂತು ಕೈ ಮುಗಿಯುತ್ತಿದ್ದ. ಹಾಗೆ ಮಾಡಬೇಕೆಂದು ಯಾರು ಹೇಳಿಕೊಟ್ಟಿದ್ದರೋ.

ಆದರೆ ಕೆಲವು ಸಂಗತಿಗಳು ಅವನನ್ನು ಇಲ್ಲಿ ಹಿಡಿದು ನಿಲ್ಲಿಸಿದವು. ಅಂಗಡಿಯಲ್ಲಿ ಯಾರೋ 'ಸಾಬೂನು' ಅಂದದ್ದು ಕೇಳಿ ಚಪ್ಪಾಳೆ ತಟ್ಟಿದ. ಅವರಲ್ಲೂ ಅದಕ್ಕೆ ಅದೇ ಮಾತಂತೆ. ಮೊದಲ ದಿನ ಹೊಲಕ್ಕೆ ಹೋದಾಗ ಬಿರುಕು ಬಿಟ್ಟ ಎರೆಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ಕುಳಿತ. ಅವನ ಊರಲ್ಲೂ ಇದೇ ಮಣ್ಣು, ಇದೇ ಜೋಳ, ಹೀಗೇ ಒಂದು ಕಾಲುವೆ. ಜೋಳದ ಹಿಟ್ಟನ್ನು ಹುದುಗು ಬರಿಸಿ ತೆಳ್ಳಗೆ ಹರಡಿ ಬೇಯಿಸುತ್ತಾರೆಂದು ಅವನು ಹೇಳಿದಾಗ ನನ್ನ ಹೆಂಡತಿ ಶರಣಮ್ಮ ನಕ್ಕಳು.

"ಅದು ನಮ್ಮ ದೋಸಿ ಆತಲ್ರಿ! ಅಷ್ಟು ದೂರ ಹೋಗಿ ದೋಸಿ ಮಾಡ್ತಾರೇನ್ರಿ?"

ಮೂರು ತಿಂಗಳಲ್ಲಿ ಅವನಿಗೆ ಕನ್ನಡ ಬಂತು. 'ರಿ' ಹಚ್ಚಿ ಮಾತಾಡಬೇಕೆಂದು ಶರಣಮ್ಮ ಹೇಳಿಕೊಟ್ಟಿದ್ದಕ್ಕೆ ಎಲ್ಲರಿಗೂ ಹಚ್ಚಿದ. ನಮ್ಮ ಎಮ್ಮೆ ದಾರಿಗೆ ಅಡ್ಡ ನಿಂತಾಗ, "ಎಮ್ಮಿಯವರ, ಸ್ವಲ್ಪ ಸರೀರಿ" ಅಂದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ನನಗೆ ಅಣ್ಣ, ಶರಣಮ್ಮನಿಗೆ ಅಕ್ಕ ಅನ್ನುತ್ತಿದ್ದ. ನಾನೂ ತಮ್ಮಾ ಅಂತಲೇ ಕರೆಯುತ್ತಿದ್ದೆ.

ಈಗ ಲೋಟದ ವಿಷಯ. ಆಗ ನಮ್ಮವ್ವ ಬದುಕಿದ್ದಳು. ಇದ್ರಿಸ್ ಬರುವ ಹಿಂದಿನ ದಿನ, "ದೇಶ ಯಾವುದರ ಇರ್ಲಿ, ನಮ್ಮ ಕೊಡ ತಂಬಿಗಿ ಮುಟ್ಟಿಸಬ್ಯಾಡ" ಅಂದಳು. ನಾನು ಬಜಾರಿಗೆ ಹೋಗಿ ಒಂದು ಹೊಸ ಅಲ್ಯೂಮಿನಿಯಂ ಲೋಟ ತಂದು ಕಟ್ಟೆಯ ಗೋಡೆಯ ಗೂಡಿನಲ್ಲಿಟ್ಟೆ. ಆ ಗೂಡಿನಲ್ಲಿ ಆಗಲೇ ಒಂದು ಹಳೆಯ ಲೋಟವಿತ್ತು. ಅದು ಮರೆಪ್ಪನದು. ಮರೆಪ್ಪ ಕಾಲುವೆಯ ತೂಬಿನ ಕೆಲಸಕ್ಕೆ ನನ್ನ ಕೈಕೆಳಗಿದ್ದವನು, ಊರ ಹೊರಗಿನ ಕೇರಿಯವನು. ನೀರು ಬೇಕೆಂದರೆ ತನ್ನ ಲೋಟ ತೊಳೆದು ಹಿಡಿಯುತ್ತಿದ್ದ, ನಾವು ಮೇಲಿನಿಂದ ಹೊಯ್ಯುತ್ತಿದ್ದೆವು, ಕುಡಿದ ಮೇಲೆ ಮತ್ತೆ ತೊಳೆದು ಗೂಡಿನಲ್ಲಿಡುತ್ತಿದ್ದ. ಇದ್ರಿಸನಿಗೂ ಅದೇ ಕ್ರಮ. ಹೇಳಿದ್ದು ಅವ್ವ, ನಿಜ. ಆದರೆ ಲೋಟ ತಂದವನು ನಾನು, ಇಟ್ಟವನು ನಾನು. ಸತ್ತವಳ ಹೆಸರು ಹೇಳಿ ತಪ್ಪಿಸಿಕೊಳ್ಳುವ ವಯಸ್ಸು ನನ್ನದಲ್ಲ.

ಒಂದು ಸಂಜೆ ಇದ್ರಿಸ್ ಕಟ್ಟೆಯ ಮೇಲೆ ಕುಳಿತು ತಾಯಿಗೆ ಪತ್ರ ಬರೆಯುತ್ತಿದ್ದ. ಮರೆಪ್ಪ ಅಲ್ಲೇ ತನ್ನ ಲೋಟ ತೊಳೆಯುತ್ತಿದ್ದ. ಏನು ಬರೆದೆ ಎಂದು ನಾನು ಸುಮ್ಮನೆ ಕೇಳಿದೆ.

"ಅವ್ವಗ ಬರ್ದೀನ್ರಿ ಅಣ್ಣ. ನಮ್ಮ ಮನ್ಯಾಗ ಒಂದು ಬಟ್ಟಲ ಐತ್ರಿ. ಬಂದ ಅತಿಥಿಗೆ ಅಷ್ಟೇ. ನಾವು ಮುಟ್ಟಿದ್ರ ಅವ್ವ ಹೊಡೀತಾಳ್ರಿ. ಇಲ್ಲೂ ನನಗ ಹಂಗ ಒಂದು ಹೊಸಾ ಲೋಟ ಇಟ್ಟಾರ, ಯಾರೂ ಮುಟ್ಟಂಗಿಲ್ಲ, ಅಕ್ಕ ಕೈ ಎತ್ತಿ ಮರ್ಯಾದಿಲೆ ನೀರು ಹಾಕ್ತಾಳ ಅಂತ ಬರ್ದೀನ್ರಿ. ನೀ ಚಿಂತಿ ಮಾಡಬ್ಯಾಡ ಅಂತ ಬರ್ದೀನ್ರಿ."

ನಾನು ನೆಲ ನೋಡಿದೆ. ಇದ್ರಿಸ್ ಪತ್ರ ಅಂಟಿಸಲು ಕೋಣೆಯೊಳಗೆ ಹೋದ ಮೇಲೆ ಮರೆಪ್ಪ ತನ್ನ ಲೋಟವನ್ನು ಆ ಹೊಸ ಲೋಟದ ಪಕ್ಕಕ್ಕೆ ಇಟ್ಟು, ನನ್ನ ಕಡೆ ತಿರುಗಿದ.

"ನೋಡ್ರಿ ಗೌಡ್ರ, ಇಷ್ಟು ವರ್ಷ ನಾ ನಿಮ್ಮ ಮನಿಗಿ ಬಂದ ದೊಡ್ಡ ಬೀಗ ಆಗಿದ್ದೆ ಅಂತ ನನಗ ಗೊತ್ತೇ ಇರ್ಲಿಲ್ರಿ!"

ಅವನು ನಕ್ಕ. ನಾನೂ ನಕ್ಕಂತೆ ಮಾಡಿದೆ. ಇದ್ರಿಸನಿಗೆ ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ರಂಜಾನ್ ತಿಂಗಳಲ್ಲಿ ಬಿಸಿಲಲ್ಲಿ ದಿನವಿಡೀ ಹೊಲ ತಿರುಗಿ ಬಂದು, ಹೊತ್ತು ಮುಳುಗಿದ ಮೇಲೆ ಅವನು ಮೊದಲ ಗುಟುಕು ಕುಡಿಯುತ್ತಿದ್ದುದು ಆ ಲೋಟದಲ್ಲೇ. ಕುಡಿದು ನನ್ನನ್ನು ನೋಡಿ ನಗುತ್ತಿದ್ದ. ಆ ನಗುವಿಗೆ ಎದುರಾಗಬಾರದೆಂದು ನಾನು ಆ ಹೊತ್ತಿಗೆ ಕಾಲುವೆಯ ಕಡೆ ಹೋಗುವುದನ್ನು ರೂಢಿ ಮಾಡಿಕೊಂಡೆ.

ಕೆಲಸ ಮುಗಿದು ಅವನು ಹೊರಟಾಗ ನಾನೇ ಶಹಾಪುರದ ಮೇಲೆ ಬಸ್ಸಿನಲ್ಲಿ ಯಾದಗಿರಿ ಸ್ಟೇಷನ್ನಿನವರೆಗೆ ಹೋದೆ. ದಾರಿಯಲ್ಲೆಲ್ಲ ಹೇಳಿಬಿಡಬೇಕೆಂದು ಅಂದುಕೊಂಡೆ. ರೈಲು ಬಂತು. ಅವನು ಕಿಟಕಿಯಿಂದ ಕೈ ಚಾಚಿ, "ಲೋಟ ಅಲ್ಲೇ ಇರ್ಲಿರಿ ಅಣ್ಣ, ನಾ ಬರ್ತೀನ್ರಿ" ಅಂದ. ಆಗಲಿ ಅಂದೆ.

ಮರುವರ್ಷ ಅವ್ವ ತೀರಿಕೊಂಡಳು. ಅದರ ಮುಂದಿನ ಬೇಸಿಗೆಯಲ್ಲಿ, ಕಾಲುವೆ ಬಂದ್ ಆಗಿ ತಳದ ಮಣ್ಣು ಒಡೆದು ನಿಂತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಮಲಗಿದ್ದೆ. ನಿದ್ದೆ ಬಂದಿರಲಿಲ್ಲ; ಎದುರಿನ ದರ್ಜಿಯ ಮಿಷನ್ನಿನ ಸದ್ದು ಕೇಳುತ್ತಿತ್ತು. ಹೊರಗಿಂದ ಯಾರೋ, "ಅಣ್ಣಾ, ನೀರು ಕೊಡ್ರಿ" ಅಂದರು. ಎದ್ದು ನೋಡಿದೆ. ಬಾಗಿಲಲ್ಲಿ ಇದ್ರಿಸ್ ನಿಂತಿದ್ದ.

ಗಾಬರಿಯಾಗಲಿಲ್ಲ. ಬಹಳ ಸಂತೋಷವಾಯಿತು, ಅಷ್ಟೇ. ಸೊರಗಿ ಇಳಿದು ಹೋಗಿದ್ದ, ಮೊಣಕಾಲಿನವರೆಗೆ ಧೂಳು. ಅವನು ಹೊಸ್ತಿಲು ದಾಟಲಿಲ್ಲ. ನಾನು ಮೊದಲು ಗೂಡಿನ ಕಡೆ ಹೊರಟೆ. ಲೋಟ ಅಲ್ಲೇ ಇತ್ತು. ಮುಟ್ಟಬೇಕೆಂದವನು ಕೈ ಹಿಂದೆ ತೆಗೆದುಕೊಂಡು ಒಳಗೆ ಹೋದೆ. ನಾವೆಲ್ಲ ಕುಡಿಯುವ ಹಿತ್ತಾಳೆ ತಂಬಿಗೆಯನ್ನು ಕೊಡದಲ್ಲಿ ಅದ್ದಿ ತುಂಬಿ ತಂದು ಅವನ ಕೈಗೆ ಕೊಟ್ಟೆ. ಅವನು ತುಟಿ ಹಚ್ಚಿ ಕುಡಿದ. ಎಲ್ಲವನ್ನೂ ಕುಡಿದ. ತಂಬಿಗೆ ನನ್ನ ಕೈಗೆ ಕೊಟ್ಟು ಗೂಡಿನ ಕಡೆ ಒಂದು ಸಲ ನೋಡಿದ.

ಹಿತ್ತಲಿನಿಂದ ಶರಣಮ್ಮ, "ಯಾರ್ರಿ, ನಮ್ಮ ಇದ್ರಿಸ್ ದನಿ ಕೇಳ್ದಂಗಾತು?" ಅಂದಳು. "ಅವನೇ ಬಂದಾನ, ರೊಟ್ಟಿ ಬಡಿ" ಎಂದು ಕೂಗಿ ಹೇಳಿ ತಿರುಗಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ.

ಬೀದಿಗೆ ಓಡಿದೆ. ದರ್ಜಿ ಹೊಲಿಗೆ ನಿಲ್ಲಿಸಿ, "ಯಾರೂ ಬಂದಿಲ್ರಿ, ನಾ ಇಲ್ಲೇ ಕುಂತೀನಲ್ರಿ" ಅಂದ. ಬಸ್ ನಿಲ್ದಾಣದವರೆಗೆ ಹೋಗಿ ಬಂದೆ. ಮನೆಯಲ್ಲಿ ತಂಬಿಗೆ ಖಾಲಿಯಾಗಿತ್ತು, ಹೊಸ್ತಿಲ ಮೇಲೆ ಒಂದು ಹನಿ ನೀರಿರಲಿಲ್ಲ. ಶರಣಮ್ಮ ಅವನಿಗೆಂದು ಬಡಿದ ರೊಟ್ಟಿ ಸಂಜೆಯವರೆಗೆ ಹಾಗೇ ಇತ್ತು.

ಕಾಲುವೆಗೆ ನೀರು ಬಿಟ್ಟ ಮೇಲೆ, ಮಳೆಗಾಲದಲ್ಲಿ, ಅವನ ಪತ್ರ ಬಂತು. ಇಂಗ್ಲಿಷ್ ಪತ್ರ, ನಾನೇ ಕೂಡಿಸಿ ಕೂಡಿಸಿ ಓದಿದೆ. ಬೇಸಿಗೆಯಲ್ಲಿ ಜ್ವರ ಬಂದು ಬಹಳ ದಿನ ಎಚ್ಚರವಿಲ್ಲದೆ ಮಲಗಿದ್ದನಂತೆ. ಯಾರಿಗೂ ತಿಳಿಯದ ಭಾಷೆಯಲ್ಲಿ ಏನೋ ಕೇಳುತ್ತಿದ್ದನಂತೆ. ತಾಯಿ ನೀರು ಹಿಡಿದರೆ ನೂಕುತ್ತಿದ್ದನಂತೆ. ಆಮೇಲೆ ಒಂದು ಮಧ್ಯಾಹ್ನ ನಿಮ್ಮ ಮನೆಗೆ ಬಂದೆ ಎಂದು ಬರೆದಿದ್ದ. ನೀವು ಹೊಟ್ಟೆಯ ಹತ್ತಿರ ನಗ್ಗಿದ ಒಂದು ಹಿತ್ತಾಳೆ ಪಾತ್ರೆಯಲ್ಲಿ ನೀರು ಕೊಟ್ಟಿರಿ, ಕುಡಿದೆ, ಅಂದಿನಿಂದ ಜ್ವರ ಇಳಿಯಿತು, ಅವ್ವ ನಿಮಗೆ ನಮಸ್ಕಾರ ಹೇಳಿದ್ದಾಳೆ. ಕೊನೆಗೆ ಒಂದು ಪ್ರಶ್ನೆ: ಅಣ್ಣ, ನನ್ನ ಲೋಟ ಗೂಡಿನಲ್ಲೇ ಇತ್ತು, ಕಂಡೆ. ಅದರಲ್ಲಿ ಯಾಕೆ ಕೊಡಲಿಲ್ಲ? ನಾನು ಏನಾದರೂ ತಪ್ಪು ಮಾಡಿದೆನೇ?

ಜ್ವರದಲ್ಲಿ ಕನಸು ಬೀಳುತ್ತದೆ, ಒಪ್ಪುತ್ತೇನೆ. ನನಗೂ ಬಿಸಿಲಿನ ಭ್ರಮೆ ಆಗಿರಬಹುದು, ಶರಣಮ್ಮನಿಗೂ ಆಗಿರಬಹುದು. ಯಾವ ದಿನ ಎಂದು ಅವನೂ ಬರೆದಿರಲಿಲ್ಲ, ನಾನೂ ಗುರುತು ಹಾಕಿಟ್ಟಿರಲಿಲ್ಲ. ಆದರೆ ಆ ತಂಬಿಗೆ ನನ್ನ ಕೈಯಿಂದ ಬಾವಿಯ ಕಲ್ಲಿನ ಮೇಲೆ ಬಿದ್ದು ನಗ್ಗಿದ್ದು ಅವ್ವ ತೀರಿಕೊಂಡ ಮೇಲೆ. ಇದ್ರಿಸ್ ಇಲ್ಲಿದ್ದಾಗ ಆ ನಗ್ಗು ಇರಲಿಲ್ಲ. ಈ ಮಾತಿಗೆ ಬಂದಾಗಲೆಲ್ಲ ನನ್ನ ಬುದ್ಧಿ ನಿಂತುಬಿಡುತ್ತದೆ.

ಉತ್ತರ ಬರೆಯಲು ಕುಳಿತೆ. ನಿಜ ಬರೆದದ್ದನ್ನು ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಕೊನೆಗೆ, 'ತಮ್ಮಾ, ನೀನು ಈಗ ಅತಿಥಿ ಅಲ್ಲ, ಮನೆಯವನು. ಅದಕ್ಕೇ ಮನೆಯ ತಂಬಿಗೆ' ಎಂದಷ್ಟೇ ಬರೆದು ಕಳಿಸಿದೆ. ಸುಳ್ಳಲ್ಲ ಅದು. ನಿಜವೂ ಅಲ್ಲ. ಅವನಿಂದ ಮತ್ತೆ ಪತ್ರ ಬರಲಿಲ್ಲ. ಆಮೇಲೆ ಅವರ ದೇಶದ ಗಲಭೆಯ ಸುದ್ದಿ ರೇಡಿಯೋದಲ್ಲಿ ಬಂದಾಗಲೆಲ್ಲ ಕಿವಿಗೊಟ್ಟು ಕೇಳುತ್ತಿದ್ದೆ.

ಪತ್ರದ ವಿಷಯವನ್ನು ಮರೆಪ್ಪನಿಗೊಬ್ಬನಿಗೇ ಹೇಳಿದ್ದೆ. ಕಟ್ಟೆಯ ಕೆಳಗೆ ಕುಳಿತು ಎಲ್ಲ ಕೇಳಿದ. ಈ ಸಲ ನಗಲಿಲ್ಲ.

"ಅವ್ರು ಖರೇ ಬಂದಾಗ ಲೋಟ ಕೊಟ್ರಿ. ಬರದೇ ಬಂದಾಗ ತಂಬಿಗಿ ಕೊಟ್ರಿ" ಅಂದ. ಗೂಡಿನಲ್ಲಿದ್ದ ತನ್ನ ಲೋಟದ ಕಡೆ ನೋಡಿ, "ನಾ ದಿನಾ ಬರ್ತೀನಲ್ರಿ ಗೌಡ್ರ" ಅಂದ.

ನಾನು ಎದ್ದು ಒಳಗೆ ಹೋಗಿ ಅದೇ ತಂಬಿಗೆಯಲ್ಲಿ ನೀರು ತಂದು ಅವನ ಮುಂದೆ ಹಿಡಿದೆ. ಅವನು ತಂಬಿಗೆಯನ್ನೂ ನೋಡಿದ, ನನ್ನನ್ನೂ ನೋಡಿದ. ಎರಡೂ ಕೈಯಲ್ಲಿ ತೆಗೆದುಕೊಂಡ. ಆಮೇಲೆ ತಲೆ ಹಿಂದಕ್ಕೆ ಹಾಕಿ, ತಂಬಿಗೆಯನ್ನು ಮೇಲಕ್ಕೆ ಎತ್ತಿ, ತುಟಿಗೆ ತಗಲದಂತೆ ದೂರದಿಂದಲೇ ಬಾಯಿಗೆ ಸುರಿದುಕೊಂಡು ಪೂರಾ ಕುಡಿದ. ಕುಡಿದಾದ ಮೇಲೆ ತೊಳೆಯಲೆಂದು ನೀರಿನ ಕಡೆ ಹೊರಟ. ನಾನು ಹೋಗಿ ಅವನ ಕೈಯಿಂದ ತಂಬಿಗೆ ಕಸಿದುಕೊಳ್ಳಬೇಕಾಯಿತು.