ಎದೆಗೆ ಕಟ್ಟಿದ ಮಲ್ಲಿಗೆ

ಮಗು ಹೋದ ಮೇಲೂ ನನಗೆ ಹಾಲು ಬರುತ್ತಲೇ ಇತ್ತು. ಏಳು ತಿಂಗಳಿಗೇ ಹುಟ್ಟಿದ ಹೆಣ್ಣುಮಗು, ಕೊಚ್ಚಿಯ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಇದ್ದು ಅಲ್ಲಿಂದಲೇ ಹೊರಟುಹೋಯಿತು. ಒಮ್ಮೆಯೂ ನನ್ನ ಎದೆಗೆ ಬಾಯಿ ಹಾಕಲಿಲ್ಲ. ನಾನು ಹಿಂಡಿ ಕೊಟ್ಟದ್ದನ್ನು ನರ್ಸ್ ಮೂಗಿನ ನಳಿಕೆಯಲ್ಲಿ ಹನಿಹನಿಯಾಗಿ ಬಿಡುತ್ತಿದ್ದಳು. ಆಗ ಎಷ್ಟು ಒದ್ದಾಡಿದರೂ ಬಟ್ಟಲಿನ ತಳ ಮುಚ್ಚುತ್ತಿರಲಿಲ್ಲ. ಈಗ ನೋಡಿದರೆ, ಮೇಲಿನ ಮನೆಯ ಮಗು ಅತ್ತರೆ ಸಾಕು, ನನ್ನ ನೈಟಿ ಒದ್ದೆ! ಈ ದೇಹಕ್ಕೆ ಬುದ್ಧಿ ಬೇಡವಾ ಎಂದು ರೇಗಿಹೋಗುತ್ತಿತ್ತು.

ಗಂಡನಿಗೆ ತಿರುವನಂತಪುರದಲ್ಲಿ ಬಾಹ್ಯಾಕಾಶ ಸಂಸ್ಥೆಯ ಕೆಲಸ, ನಾನು ಕೊಚ್ಚಿಯಲ್ಲಿ ವಕೀಲೆ. ರಜೆ ಮುಗಿದು ಅವರು ರೈಲು ಹತ್ತಿದ್ದರು. ಪಾಲಾರಿವಟ್ಟಂನ ಬಾಡಿಗೆ ಮನೆಯಲ್ಲಿ ನನ್ನ ಜೊತೆ ಉಳಿದದ್ದು ಕಾಸರಗೋಡಿನಿಂದ ಬಂದ ಅಮ್ಮ. ಎದೆ ಕಲ್ಲಿನ ಹಾಗೆ ಬಿಗಿದು ಕೈ ಎತ್ತಲೂ ಆಗದಾದಾಗ ಅವಳು ಜಂಕ್ಷನ್ನಿನ ಹೂವಿನಂಗಡಿಗೆ ಹೋಗಿ ಮೊಳಗಟ್ಟಲೆ ಮಲ್ಲಿಗೆ ತಂದಳು. ಹಾಲು ಬತ್ತಿಸಲು ನಮ್ಮ ಕಡೆ ಮಲ್ಲಿಗೆಯನ್ನು ಎದೆಗೆ ಕಟ್ಟುತ್ತಾರೆ.

"ಬೇಡ," ಎಂದೆ.

"ಎಂತ ಬೇಡ? ಹೀಗೇ ಬಿಟ್ಟರೆ ಜ್ವರ ಬರ್ತದೆ ಮಗಾ."

"ಬರಲಿ! ಅವಳದ್ದು ಅಂತ ನನ್ನ ಹತ್ತಿರ ಉಳಿದದ್ದು ಇದೊಂದೇ ಅಲ್ವಾ ಅಮ್ಮಾ? ಇದನ್ನೂ ಕಿತ್ತುಕೊಳ್ತೀಯಾ?"

ಅಮ್ಮ ಹೂವನ್ನು ಫ್ರಿಜ್ಜಿನಲ್ಲಿಟ್ಟಳು. ಸಂಜೆ ಚಳಿ ಹತ್ತಿ ಹಲ್ಲು ಕಟಕಟ ಎನ್ನತೊಡಗಿದಾಗ ನಾನೇ ಸೋತೆ. ಅಮ್ಮ ತಣ್ಣಗಿನ ಹೂವನ್ನು ಎದೆಗೆ ಸುತ್ತಿ, ಮೇಲೆ ತನ್ನ ಹಳೇ ಸೀರೆಯ ತುಂಡನ್ನು ಬಿಗಿದಳು.

"ನನ್ನ ಕೈಯಲ್ಲೇ ಇದನ್ನು ಮಾಡಿಸ್ಬೇಕಿತ್ತಾ ದೇವರೇ," ಎಂದು ಅತ್ತಳು.

ಹೂ ಬಾಡಿದ ಹಾಗೆಲ್ಲ ಹೊಸದು ಕಟ್ಟುತ್ತಿದ್ದಳು. ಶನಿವಾರ ಗಂಡ ಬಂದವರೇ ಬಾಗಿಲಲ್ಲಿ ನಿಂತು ಮಲ್ಲಿಗೆಯ ಘಮಕ್ಕೆ ಉಸಿರೆಳೆದುಕೊಂಡರು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ನಗು ಕಂಡಿತು.

"ಹೂ ಮುಡ್ಕೊಂಡಿದ್ದೀಯಾ? ಒಳ್ಳೇದಾಯ್ತು ಕಣೇ!"

ಮೈಸೂರಿನವರು. ಅವರಿಗೆ ಮಲ್ಲಿಗೆ ಎಂದರೆ ಮುಡಿಯುವ ಹೂವು, ಅಷ್ಟೇ. ಪಾಪ, ನಾನು ಚೇತರಿಸಿಕೊಂಡೆ ಎಂದುಕೊಂಡರು. ಜಡೆಯತ್ತ ಚಾಚಿದ ಅವರ ಕೈಯನ್ನು ಹಿಡಿದು ಎದೆಯ ಕಟ್ಟಿನ ಮೇಲೆ ಇಟ್ಟುಕೊಂಡೆ. ಅಮ್ಮ ಅಡುಗೆಮನೆಯಿಂದಲೇ ಯಾಕೆಂದು ಹೇಳಿದಳು. ಅವರು ಚಪ್ಪಲಿ ಕೂಡ ಬಿಚ್ಚದೆ ನೆಲದ ಮೇಲೆ ಕುಸಿದು ಕೂತರು.

"ಹಾಲು ನಿಂತ್ಹೋಯ್ತಾ?" ಎಂದರು.

ಮೇಲಿನ ಮನೆಯ ಮಗು ಆಗಲೇ ಅಳತೊಡಗಿತು. ಕಟ್ಟು ಬಿಚ್ಚಿ ನೋಡಿಕೊಂಡೆ. ನೈಟಿ ಒಣಗಿಯೇ ಇತ್ತು.