ಮಿರಿಯಮ್ ‘ನಿಲ್ಲಿಸಿ’ ಎಂದಾಗ

ಮಿರಿಯಮ್ ಅಡಗಿದ್ದದ್ದು ರೈತನ ಅಟ್ಟದಲ್ಲೋ ನೆಲಮಾಳಿಗೆಯಲ್ಲೋ, ಈಗ ಖಚಿತವಾಗಿ ಹೇಳಲಾರೆ. ಎಷ್ಟೋ ಊಟದ ಮೇಜುಗಳಲ್ಲಿ ಈ ಕಥೆ ಹೇಳಿದ್ದೇನೆ. ಹೇಳಿದಷ್ಟೂ ಅದು ಸುಂದರವಾಗುತ್ತ ಹೋಗಿದೆ, ಹಾಗಾಗಿಯೇ ನನಗೆ ಅನುಮಾನ.

ಕೋವಿಡ್ ಮುಗಿದ ಮೇಲಿನ ಮೊದಲ ಚಳಿಗಾಲ. ನಾನು ನ್ಯೂಜೆರ್ಸಿಯ ಪ್ಲೇನ್ಸ್‌ಬರೋ ಬಳಿ ಕಣ್ಣಿನ ಸರ್ಜನ್ ಆಗಿದ್ದೆ. ಮಿರಿಯಮ್ ಎಂಬತ್ನಾಲ್ಕರ ಚಿತ್ರಕಲಾವಿದೆ. ನಾಜಿಗಳಿಂದ ಬಚ್ಚಿಟ್ಟು ಪೋಲೆಂಡಿನ ಹಳ್ಳಿಯೊಂದು ಉಳಿಸಿದ್ದ ಯಹೂದಿ ಮಗು. ಈಗ ಎರಡೂ ಕಣ್ಣಿನ ಪೊರೆ ಬಲಿತು ನೀಲಿಯೆಲ್ಲ ಬೂದಿಯಾಗಿ ಕಾಣುತ್ತಿತ್ತು. ವಸಂತದಲ್ಲಿ ಪ್ರದರ್ಶನ, ಅದರ ಮುಖ್ಯ ಚಿತ್ರವೇ ಅರ್ಧಕ್ಕೆ ನಿಂತಿತ್ತು. ಹೃದಯ ದುರ್ಬಲವಾದ್ದರಿಂದ ಪೂರ್ಣ ಅರಿವಳಿಕೆ ಕೊಡುವಂತಿರಲಿಲ್ಲ.

ಮುಖಕ್ಕೆ ಡ್ರೇಪ್, ಅಂದರೆ ಕಣ್ಣಿಗಷ್ಟೇ ಕಿಂಡಿಯಿರುವ ಹೊದಿಕೆ, ಹಾಕಿ ಎಲ್ಲರಿಗೂ ಹೇಳುವುದನ್ನೇ ಹೇಳಿದೆ: “ಅಲುಗಾಡಬೇಡಿ, ಮಾತಾಡಬೇಡಿ.”

ಅವರು ಹೊದಿಕೆ ಕಿತ್ತೆಸೆದು ಎದ್ದು ಕೂತರು.

“ಡಾಕ್ಟರ್, ಐದು ವರ್ಷದವಳಿದ್ದಾಗ ಎರಡು ಚಳಿಗಾಲ ಇವೇ ಎರಡು ಮಾತು ಕೇಳಿದ್ದೀನಿ. ನನ್ನ ಕೋಟಾ ಮುಗೀತು.”

ಅಂದಿನ ಆಪರೇಷನ್ ರದ್ದಾಯಿತು. ಧಾರವಾಡದ ನರ್ಸ್ ಸುನಂದಾ ನನ್ನನ್ನು ಹೊರಗೆ ಕರೆದು, “ಸರ, ಆ ಅಜ್ಜಿಗೆ ಸುಮ್ನಿರು ಅಂದ್ರ ಆಗೂದಿಲ್ರಿ. ನೀವ ಸ್ವಲ್ಪ ಸುಮ್ನಿದ್ದು ಕೇಳ್ರಿ” ಎಂದರು.

ಕೇಳಿದೆ. ಮುಂದಿನ ವಾರ ಪಾರದರ್ಶಕ ಡ್ರೇಪನ್ನು ಡೇರೆಯಂತೆ ಎತ್ತಿ ಕಟ್ಟಿದೆವು. ಒಪ್ಪಂದವೂ ಆಯಿತು.

“ನಾನು ನಿಲ್ಲಿಸಿ ಅಂದ್ರೆ?”

“ಉಪಕರಣ ಹೊರಗೆ ತೆಗೀತೀನಿ. ಆಮೇಲೆ ಎಷ್ಟು ಬೇಕಾದರೂ ಮಾತಾಡಿ.”

ಚಕಚಕನೆ ಮುಗಿಸುವವನೆಂದು ಹೆಸರು ಪಡೆದಿದ್ದ ನನಗೆ ಇದು ರುಚಿಸಲಿಲ್ಲ. ಪೊರೆ ಒಡೆಯುವ ಮೊದಲೇ ಅವರು “ನಿಲ್ಲಿಸಿ” ಎಂದರು. ಕೈ ಹಿಂದೆಗೆದೆ.

“ನೋವಾಯಿತೇ?”

“ಇಲ್ಲ. ನಿಜವಾಗಿ ನಿಲ್ಲಿಸ್ತೀರೋ ಅಂತ ನೋಡಿದೆ. ಹೂಂ, ನಡೀಲಿ.”

ಸುನಂದಾ ಮಾಸ್ಕಿನೊಳಗೇ ನಕ್ಕರು.

ಮರುದಿನ ಪಟ್ಟಿ ಬಿಚ್ಚಿದಾಗ ಮಿರಿಯಮ್ ಮೊದಲು ನೋಡಿದ್ದು ಸುನಂದಾರ ಸಮವಸ್ತ್ರವನ್ನು. “ಇದು ನೀಲಿಯಾ! ಪಾಪ, ಎಷ್ಟು ಕೊಳಕು ಬಟ್ಟೆ ಅಂದ್ಕೊಂಡಿದ್ದೆ.” ತಿಂಗಳೊಳಗೆ ಇನ್ನೊಂದು ಕಣ್ಣೂ ಆಯಿತು. ವಸಂತದಲ್ಲಿ ನ್ಯೂಯಾರ್ಕಿನ ಗ್ಯಾಲರಿಯೊಂದರಲ್ಲಿ ಆ ಚಿತ್ರ ಪೂರ್ಣವಾಗಿ ತೂಗುತ್ತಿತ್ತು: ಕಪ್ಪು ಹಲಗೆಗಳು, ಸಂದಿನಲ್ಲಿ ಬೆರಳಗಲ ಆಕಾಶ. ಅಂಥ ನೀಲಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಅದರ ಮುಂದೆ ನಿಂತು ಅವರು ಜೋರಾಗಿ, ಕೈ ಬೀಸಿ ಬೀಸಿ, ಒಂದು ಗಂಟೆ ಮಾತಾಡಿದರು.

ಕೈ ಆಡಿಸುವುದನ್ನು ಕಾಲೇಜು ಕಲಿಸಿತ್ತು. ಹಿಂದೆಗೆಯುವುದನ್ನು ಕಲಿತದ್ದು ಅವರಿಂದ.

ಅವರು ಏಳು ಬಾರಿ ತಡೆದರೆಂದು ಎಲ್ಲರಿಗೂ ಹೇಳುತ್ತಿದ್ದೆ. ನಿವೃತ್ತನಾಗುವ ಮುನ್ನ ದಾಖಲೆ ತೆಗೆಸಿ ನೋಡಿದೆ. ಸುನಂದಾ ಬರೆದಿದ್ದರು: “ರೋಗಿ ಮೂರು ಬಾರಿ ನಿಲ್ಲಿಸಲು ಹೇಳಿದರು. ಮೂರು ಬಾರಿಯೂ ನಿಲ್ಲಿಸಲಾಯಿತು.”